ಒಡೆಯದ ನಿಂಬೆಹಣ್ಣು

ನಿಂಬೆಹಣ್ಣು ಒಡೆಯಿತು. ಅಲ್ಲಿಗೆ ನಿಲ್ಲಬೇಕಾಗಿದ್ದ ಕಾರು ಮಾತ್ರ ನಿಲ್ಲಲಿಲ್ಲ.

ದಸರೆಯ ಸಂಜೆ. ಹೈದರಾಬಾದಿನ ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಹೊಸ ಬ್ರೇಕು ಹಾಕಿಸಿಕೊಂಡು ನಿಂತ ಕಾರಿನ ಮುಂದಿನ ಚಕ್ರಗಳಡಿ ಬಸಲಿಂಗಮ್ಮ ನಿಂಬೆಹಣ್ಣು ಇಟ್ಟಿದ್ದರು. ಮೊಮ್ಮಗಳು ತಾರಾ ಗಾಡಿಯನ್ನು ಒಂದು ಗೇಣು ಮುಂದೆ ಬಿಟ್ಟು, ಹಣ್ಣು ಪಚಕ್ಕೆಂದ ಕೂಡಲೇ ಬ್ರೇಕ್ ಒತ್ತಿದಳು. ಅವಳು ಬ್ರೇಕ್ ಒತ್ತುವುದು ಕಾಲಿನಿಂದಲ್ಲ. ಡಿಗ್ರಿಯ ಎರಡನೇ ವರ್ಷದಲ್ಲಿ ಬೆನ್ನುಹುರಿಗೆ ಬಂದ ಜ್ವರ ವಾಪಸು ಹೋಗುವಾಗ ಅವಳ ಕಾಲುಗಳ ಬಲವನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಸ್ಟೇರಿಂಗಿನ ಪಕ್ಕದಲ್ಲಿ ಅವಳಿಗಾಗಿ ಒಂದು ಲಿವರ್ ಕೂಡಿಸಿದ್ದರು. ಅದನ್ನು ಮುಂದಕ್ಕೆ ತಳ್ಳಿದರೆ ಒಂದು ಸರಳು ಹೋಗಿ ಬ್ರೇಕ್ ಪೆಡಲನ್ನು ಅದುಮುತ್ತದೆ. ತನ್ನ ಕಡೆ ಎಳೆದುಕೊಂಡರೆ ಗಾಡಿ ಓಡುತ್ತದೆ. ಆ ಸಂಜೆ ತಳ್ಳಿದ ಲಿವರ್ ಬೆಣ್ಣೆಯೊಳಗೆ ಬೆರಳು ಹೋದಂತೆ ಹೋಗಿ ಡ್ಯಾಶ್‌ಬೋರ್ಡಿಗೆ ತಾಗಿತು. ಕಾರು ತನ್ನ ಪಾಡಿಗೆ ತಾನು ಉರುಳಿ ಎದುರಿನ ಕಂಬಕ್ಕೆ ಹಣೆ ಚಚ್ಚಿಕೊಂಡಿತು.

“ಕೈಯಿಂದ ಒತ್ತೋ ಬ್ರೇಕು. ಕೈ ಕೊಡದ ಮತ್ತೇನು ಕಾಲು ಕೊಡ್ತೈತಿ?” ಎಂದಳು ತಾರಾ. ಯಾರೂ ನಗಲಿಲ್ಲ. ಹೇಳಿದ ಮೇಲೆ ಅವಳಿಗೂ ನಗು ಬರಲಿಲ್ಲ.

ಮರುದಿನವೇ ಅವಳ ಡ್ರೈವಿಂಗ್ ಪರೀಕ್ಷೆ. ಹನ್ನೆರಡರೊಳಗೆ ಆರ್‌ಟಿಓ ಮೈದಾನದಲ್ಲಿ ಇರಬೇಕು. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್‌ನ ಅವಧಿಯೂ ಅವತ್ತೇ ಮುಗಿಯುತ್ತಿತ್ತು. ಗಾಡಿಯ ಆರ್‌ಸಿಯಲ್ಲಿ ಲಿವರನ್ನು ಸೇರಿಸುವ ಓಡಾಟದಲ್ಲೇ ಅರ್ಧ ಅವಧಿ ಕಳೆದುಹೋಗಿ, ಉಳಿದದ್ದರಲ್ಲಿ ಅವಳು ಕಲಿತಿದ್ದಳು. ಬೇರೆಯವರ ಕಾರು ಕೇಳಿ ತರೋಣವೆಂದರೆ ಲಿವರ್ ಇರುವ ಕಾರು ಅವರಿಗೆ ಗೊತ್ತಿದ್ದವರಲ್ಲಿ ಇದೊಂದೇ. ಸೋಮವಾರ ಗಚ್ಚಿಬೌಲಿಯ ಒಂದು ಸ್ಟುಡಿಯೋದಲ್ಲಿ ಅವಳು ಕೆಲಸಕ್ಕೆ ಸೇರಬೇಕಿತ್ತು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಧ್ವನಿಯಲ್ಲಿ ಹಿಡಿದಿಡುವ ಕೆಲಸ. ರಾಜನಿಗೊಂದು ದನಿ, ಮಂತ್ರಿಗೊಂದು ದನಿ, ಕಪ್ಪೆಗೊಂದು ದನಿ. ಇಡೀ ಅಪಾರ್ಟ್‌ಮೆಂಟಿನ ದನಿಗಳನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಹುಡುಗಿಗೆ ಅದು ದೇವರೇ ಕೂತು ಬರೆದ ನೌಕರಿ.

ಆದರೆ ಅಲ್ಲಿಗೆ ಹೋಗುವುದು ಹೇಗೆ? ಕ್ಯಾಬ್ ಕರೆದರೆ ಡ್ರೈವರ್ ಬಂದು, ಗಾಲಿಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿ, ತಲೆ ಕೆರೆದುಕೊಳ್ಳುತ್ತಿದ್ದ. ತಾರಾ ಆ ದನಿಯನ್ನೂ ತೆಗೆಯುತ್ತಿದ್ದಳು: “ಮೇಡಮ್, ಡಿಕ್ಕಿ ಮೆ ಗ್ಯಾಸ್ ಕಾ ಸಿಲಿಂಡರ್ ಹೈ ನಾ, ಕುರ್ಸೀ ಕಹಾಂ ರಖ್ಖೂಂ, ಸರ್ ಪೆ?” ಡಿಕ್ಕಿಯಲ್ಲಿ ಸಿಲಿಂಡರು, ತಲೆಯ ಮೇಲೆ ಕುರ್ಚಿ. ಮನೆಯವರು ಹೊಟ್ಟೆ ಹಿಡಿದು ನಕ್ಕಿದ್ದರು. ನಕ್ಕು ಮುಗಿದ ಮೇಲೆ ಅಪ್ಪ ವಿಜಯಕುಮಾರರು ಗಂಭೀರವಾಗಿ ಹೇಳಿದ್ದರು:

“ಲೈಸೆನ್ಸ್ ಬರಲಿ, ಹೋಗು. ಬರಲಿಲ್ಲಂದ್ರ ನನಗ ಆಗಂಗಿಲ್ಲ ಅಂತ ಅವರಿಗೆ ತಿಳಿಸಿಬಿಡು. ದಿನಾ ಯಾರ ಕಾಲು ಹಿಡಿಯೋದು?”

“ನನ್ನ ಕಾಲಂತೂ ಹಿಡಿದು ಉಪಯೋಗಿಲ್ಲ, ಅಪ್ಪಾ” ಎಂದಿದ್ದಳು ಅವಳು.

ವಿಜಯಕುಮಾರರು ಬಾಗಲಕೋಟೆಯ ಕಡೆಯವರು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಅಳೆದು, ಸರಿಯಿಲ್ಲದ್ದನ್ನು ಹಿಂದಕ್ಕೆ ಕಳಿಸುವ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಕೂದಲೆಳೆಗಿಂತ ಸಣ್ಣ ತಪ್ಪನ್ನು ಹಿಡಿಯುವುದೇ ಅವರ ಉದ್ಯೋಗ. ಕಾರಿನ ಮುಂದಿನ ಎರಡೂ ಕ್ಯಾಲಿಪರ್, ಅಂದರೆ ಚಕ್ರದ ಒಳಗಿನ ಉಕ್ಕಿನ ತಟ್ಟೆಯನ್ನು ಮುಷ್ಟಿಯಂತೆ ಹಿಡಿದು ನಿಲ್ಲಿಸುವ ಭಾಗ, ತುಕ್ಕು ಹಿಡಿದು ಕೂತಾಗ ಮೆಕ್ಯಾನಿಕ್ ಬಂಡೆಪ್ಪ ದಸರೆಗೆಂದು ಊರಿಗೆ ಹೊರಟು ನಿಂತಿದ್ದ. ಅರ್ಧ ಹೈದರಾಬಾದ್ ಖಾಲಿಯಾಗುವ ಹಬ್ಬ ಅದು. “ನಾನ ಹಾಕ್ತೀನಿ ಬಿಡು” ಎಂದು ವಿಜಯಕುಮಾರರು ಹೊಸ ಕ್ಯಾಲಿಪರ್ ತಂದರು. ತಂದದ್ದು ದಸರೆಯ ಹಿಂದಿನ ದಿನ, ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ. ಸ್ಪ್ಯಾನರು, ಸುತ್ತಿಗೆ, ಈಳಿಗೆಮಣೆ, ತಾರಾಳ ಮೈಕು, ಇವುಗಳ ಜೊತೆ ಹೊಸ ಕ್ಯಾಲಿಪರ್‌ಗಳೂ ಮಣೆಯೇರಿ ಪೂಜೆ ಮಾಡಿಸಿಕೊಂಡವು. ಪೂಜೆಗಿಟ್ಟ ಕಬ್ಬಿಣವನ್ನು ಮರುದಿನದವರೆಗೆ ಎತ್ತುವಂತಿಲ್ಲ. ಮರುದಿನ ಎತ್ತಿ ಹಾಕಿದರು. ಆಮೇಲೆ ಆದದ್ದು ಕಂಬದ ಹಣೆಬರಹ.

ಈಗ ಪರೀಕ್ಷೆಯ ಬೆಳಗು. ಸೆಲ್ಲಾರಿನಲ್ಲಿ ಜಾಕ್ ಮೇಲೆ ಎದ್ದು ನಿಂತ ಕಾರು, ಅದರ ಪಕ್ಕದಲ್ಲಿ ಬನಿಯನ್ ಹಾಕಿಕೊಂಡು ಮಲಗಿದ ವಿಜಯಕುಮಾರರು, ಡ್ರೈವರ್ ಸೀಟಿನಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಪೆಡಲ್ ತುಳಿಯುತ್ತಿದ್ದ ಅವರ ಹೆಂಡತಿ ಕಮಲಾಕ್ಷಿ. ಒಂದು ಬದಿಯಲ್ಲಿ ಗಾಲಿಕುರ್ಚಿಯಲ್ಲಿ ತಾರಾ, ಪರೀಕ್ಷೆಗೆಂದು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು.

“ಒತ್ತು.”

“ಒತ್ತಾಕತ್ತೀನ್ರಿ.”

“ಒತ್ತಿ ಹಿಡಿ.”

“ಹಿಡಿದೀನ್ರಿ.”

ವಿಜಯಕುಮಾರರು ಕ್ಯಾಲಿಪರಿನ ಪುಟ್ಟ ನಿಪ್ಪಲ್ಲನ್ನು ಸ್ಪ್ಯಾನರಿನಿಂದ ಸಡಿಲಿಸುತ್ತಿದ್ದರು. ಅದಕ್ಕೆ ಸಿಕ್ಕಿಸಿದ ಪಾರದರ್ಶಕ ಕೊಳವೆಯಲ್ಲಿ ಬ್ರೇಕ್ ಆಯಿಲ್ ಬುಳಕ್ಕನೆ ಬಂದು ಬಾಟಲಿಗೆ ಬೀಳುತ್ತಿತ್ತು. ಒಳಗೆ ಗಾಳಿ ಸೇರಿದ್ದರೆ ಗುಳ್ಳೆಯಾಗಿ ಇದೇ ದಾರಿಯಲ್ಲಿ ಹೊರಗೆ ಬರಬೇಕು. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಕುಗ್ಗಿದಷ್ಟೂ ಪೆಡಲ್ ಮೆತ್ತಗೆ. ಹಿಂದಿನ ಸಂಜೆ ಒಂದಷ್ಟು ಗುಳ್ಳೆ ಬಂದಿದ್ದವು. ಈಗ ಗುಳ್ಳೆಯೂ ಇಲ್ಲ, ಪೆಡಲಿಗೆ ಗಟ್ಟಿತನವೂ ಇಲ್ಲ.

“ಹೆಂಗೈತಿ?”

“ಹಂಗ ಐತ್ರಿ. ಹತ್ತಿ ದಿಂಬು ತುಳಿದಂಗ.”

ವಿಜಯಕುಮಾರರು ಎದ್ದು ಕೂತರು. ಬ್ರೇಕ್ ಆಯಿಲಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿದಿತ್ತು. ಇನ್ನೊಂದು ಡಬ್ಬಿಗಾಗಿ ಬೆಳಗ್ಗೆಯೇ ಸ್ಕೂಟರ್ ಹತ್ತಿ ಮೂಸಾಪೇಟ್‌ವರೆಗೂ ತಿರುಗಿ ಬಂದಿದ್ದರು. ಬೀದಿಗೆ ಬೀದಿಯೇ ಶಟರ್ ಎಳೆದುಕೊಂಡು ಮಲಗಿತ್ತು. ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಗಳಷ್ಟೇ ಎಚ್ಚರವಾಗಿದ್ದವು.

ಬಂಡೆಪ್ಪನಿಗೆ ಮತ್ತೊಮ್ಮೆ ಫೋನ್ ಹಚ್ಚಿದರು. ಹುಮನಾಬಾದಿನ ಆಚೆ ಯಾವುದೋ ಹೊಲದ ಬದುವಿನಿಂದ ಅವನ ದನಿ ಬಂತು, ಹಿಂದುಗಡೆ ಹಲಗೆ ಬಾರಿಸುವ ಸದ್ದು.

“ಸಾಹೇಬ್ರ, ಏರ್ ಐತ್ರಿ ಏರ್! ತಗೀರಿ!”

“ತಗದೀನೋ ಮಾರಾಯ. ಗುಳ್ಳೆ ಬರೋದ ನಿಂತೈತಿ.”

“ಹಂಗಾದ್ರ ಏರ್ ಇಲ್ರಿ.”

“ಪೆಡಲ್ ಮೆತ್ತಗೈತಿ!”

“ಹಂಗಾದ್ರ ಏರ್ ಐತ್ರಿ. ಆ ಬಾಟಲಿಗೆ ಬಿದ್ದ ಎಣ್ಣಿ ಮತ್ತ ಒಳಗ ಹಾಕಬ್ಯಾಡ್ರಿ ನೋಡ್ರಿ, ನಾ ಬಂದು…” ಹಲಗೆಯ ಸದ್ದು ಅವನನ್ನು ನುಂಗಿತು. ಫೋನ್ ಕಟ್ಟಾಯಿತು.

“ಐತ್ರಿ, ಇಲ್ರಿ, ಐತ್ರಿ” ಎಂದು ತಾರಾ ಬಂಡೆಪ್ಪನ ದನಿಯಲ್ಲಿ ಗೊಣಗಿದಳು. ಅವಳ ಕಣ್ಣು ಮತ್ತೆ ಮತ್ತೆ ಫೋನಿನ ಗಡಿಯಾರದ ಮೇಲೆ ಹೋಗುತ್ತಿತ್ತು.

ಲಿಫ್ಟಿನ ಬಾಗಿಲು ತೆರೆದು ಬಸಲಿಂಗಮ್ಮ ಬಂದರು. ಒಂದು ಕೈಯಲ್ಲಿ ಚಹಾದ ಥರ್ಮಾಸ್, ಇನ್ನೊಂದರಲ್ಲಿ ಉಪ್ಪು ಮೆಣಸಿನಕಾಯಿ.

“ಇನ್ನೂ ಆಗಲಿಲ್ಲೇನ? ನಾ ನಿನ್ನೇನ ಹೇಳಿದೆ. ಅದಕ್ಕ ಗಾಳಿ ಹಿಡಿದೈತಿ.”

“ಹೌದು ಆಯಿ” ಎಂದಳು ತಾರಾ, “ಕಾರಿಗೆ ಗಾಳಿ ಹಿಡಿದೈತಿ ಅಂತ ಬಂಡೆಪ್ಪನೂ ಹೇಳಾಕತ್ತಾನ. ಬಿಡಿಸೋ ಮಂತ್ರ ಇಬ್ಬರಿಗೂ ಬರವಲ್ದು.”

ಬಸಲಿಂಗಮ್ಮ ಕಾರಿನ ಸುತ್ತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ವಿಜಯಕುಮಾರರು ತಡೆಯಲಿಲ್ಲ. ಬೇರೆ ದಿನವಾಗಿದ್ದರೆ “ಅವ್ವ, ಇದು ಹೈಡ್ರಾಲಿಕ್ಸ್” ಎಂದು ಭಾಷಣ ಮಾಡುತ್ತಿದ್ದರು. ಇವತ್ತು, ನಿವಾಳಿಸಿ ಮುಗಿದ ಮೇಲೆ, ಯಾರಿಗೂ ಕಾಣದಂತೆ ಕಾರಿನೊಳಗೆ ಕೈ ಚಾಚಿ ಪೆಡಲನ್ನು ಒಮ್ಮೆ ಒತ್ತಿ ನೋಡಿದರು. ಮೆತ್ತಗೆ.

ಕೈಯೊರೆಸಿಕೊಂಡು ಅವರು ಮಗಳ ಮುಂದೆ ಬಂದು ನಿಂತರು. ಬೆರಳ ಗಿಣ್ಣುಗಳಲ್ಲೆಲ್ಲ ಸ್ಪ್ಯಾನರ್ ಜಾರಿ ತರಚಿದ ಗಾಯ.

“ತಾರಾ. ಸಾಕು ಮಾಡೋಣ.”

“ಇನ್ನೊಂದ ಸಲ ನೋಡ್ರಿ ಅಪ್ಪಾ.”

“ಎಷ್ಟ ಸಲ ನೋಡ್ಲಿ? ಬ್ರೇಕ್ ಇಲ್ಲದ ಗಾಡ್ಯಾಗ ನಿನ್ನ ಕುಂದರಿಸಿ ಹೈವೇ ಮ್ಯಾಲ ಕಳಸ್ಲೇನು? ಟೆಸ್ಟಿನ ಸ್ಲಾಟ್ ಕ್ಯಾನ್ಸಲ್ ಮಾಡ್ತೀನಿ. ಹೊಸದಾಗಿ ಎಲ್‌ಎಲ್‌ಆರ್ ಮಾಡಿಸಿ ಮುಂದ ನೋಡೋಣ.”

“ಮುಂದಂದ್ರ? ಸೋಮವಾರ ಹೋಗಲಿಲ್ಲಂದ್ರ ಆ ಕುರ್ಚ್ಯಾಗ ಬ್ಯಾರೆಯವರು ಕುಂತಿರ್ತಾರ.”

“ಕುಂದರ್ಲಿ. ನೌಕರಿ ಏನು, ಇನ್ನೊಂದು ಬರತೈತಿ.”

“ನನ್ನ ಕುರ್ಚಿ ನಾನ ತರ್ತೀನಿ ಅಂದ್ರೂ ನೌಕರಿಗೆ ಬ್ಯಾಡ ಅಂದೋರು ಎಷ್ಟ ಮಂದಿ ಅಂತ ನಿಮಗ ಗೊತ್ತಿಲ್ಲೇನು?”

ತಾರಾ ಆಡಬಾರದೆಂದು ನಿನ್ನೆಯಿಂದ ಹಲ್ಲಿನಡಿ ಹಿಡಿದಿದ್ದ ಮಾತು ಜಾರಿಬಿತ್ತು.

“ನಿಮಗ ಒಳಗೊಳಗ ಬೇಕಾಗಿದ್ದೂ ಇದ ಐತಿ, ಅಪ್ಪಾ. ಬ್ರೇಕ್ ಮೆತ್ತಗಾಗಲಿ, ಇವಳು ಮನ್ಯಾಗ ಇರಲಿ. ಬಾಜೂ ಸೀಟಿನ್ಯಾಗ ಕುಂತಾಗೆಲ್ಲ ಇಲ್ಲದ ಬ್ರೇಕ್ ತುಳೀತೀರಿ ನೀವು. ನಾ ನೋಡೀನಿ.”

ಕಮಲಾಕ್ಷಿ ಸೀಟಿನಿಂದ “ತಾರಾ!” ಎಂದರು. ಅಷ್ಟೇ. ಬಸಲಿಂಗಮ್ಮ ಥರ್ಮಾಸಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು.

ವಿಜಯಕುಮಾರರು ಜೇಬಿನಿಂದ ಫೋನ್ ತೆಗೆದು ಸ್ಲಾಟಿನ ಪುಟ ಹುಡುಕಿದರು. ಹೆಬ್ಬೆರಳಿಂದ ಒತ್ತಿದರು. ಎಣ್ಣೆ ಮೆತ್ತಿದ ಬೆರಳನ್ನು ಫೋನು ಗುರುತಿಸಲಿಲ್ಲ. ಬನಿಯನ್ನಿಗೆ ಒರೆಸಿ ಮತ್ತೆ ಒತ್ತಿದರು. ಬನಿಯನ್ ಬೆರಳಿಗಿಂತ ಹೆಚ್ಚು ಎಣ್ಣೆಯಾಗಿತ್ತು. ಪರದೆಯ ಮೇಲೆ ಕಪ್ಪು ಗೆರೆಯೊಂದು ಮೂಡಿತೇ ಹೊರತು ಏನೂ ರದ್ದಾಗಲಿಲ್ಲ. ಅವರು ಗೋಡೆಯ ಬಳಿಯ ನಲ್ಲಿಗೆ ಕೈ ತೊಳೆಯಲು ಹೋದರು.

ತಾರಾ ಅತ್ತ ನೋಡಲಾರದೆ ಮುಖ ತಿರುಗಿಸಿದಳು. ತಿರುಗಿದ ಮುಖಕ್ಕೆ ನೇರವಾಗಿ ಸಿಕ್ಕಿದ್ದು ಚಕ್ರ ಕಳಚಿ ನಿಂತ ಕಾರಿನ ಬಲ ಮಗ್ಗುಲು. ಕುರ್ಚಿಯಲ್ಲಿ ಕೂತವಳ ಕಣ್ಣಿನ ಮಟ್ಟಕ್ಕೇ ಅದು ಇತ್ತು. ಕ್ಯಾಲಿಪರಿನ ಮೇಲೆ ಆಯಿ ಎಳೆದ ವಿಭೂತಿಯ ಗೆರೆಗಳು ಇನ್ನೂ ಅರೆಬರೆ ಉಳಿದಿದ್ದವು. ನಿಪ್ಪಲ್ಲಿಗೆ ಸಿಕ್ಕಿಸಿದ ಕೊಳವೆ ನೆಲದ ಬಾಟಲಿಗೆ ಇಳಿಬಿದ್ದಿತ್ತು. ಆ ಕೊಳವೆಯಲ್ಲಿ ಒಂದೇ ಒಂದು ಸಾಸಿವೆ ಕಾಳಿನಷ್ಟು ಗುಳ್ಳೆ. ಅದು ಕೆಳಗೆ ಬಾಟಲಿಗೆ ಹೋಗುತ್ತಿರಲಿಲ್ಲ. ಮೆಲ್ಲಗೆ, ಸೊಂಟ ಕುಣಿಸುತ್ತ, ಮೇಲಕ್ಕೆ ಹತ್ತುತ್ತಿತ್ತು. ನಿಪ್ಪಲ್ಲಿನ ಬಾಯಿಗೆ ಬಂದು, ಅಲ್ಲಿ ಬಾಗಿಲು ಮುಚ್ಚಿದ್ದರಿಂದ ನಿಂತುಕೊಂಡಿತು.

ಆ ಗುಳ್ಳೆಯ ನಡಿಗೆ ತಾರಾಳಿಗೆ ಬಲು ಹಳೆಯ ಪರಿಚಯ. ಆಸ್ಪತ್ರೆಯ ಹಾಸಿಗೆಯಲ್ಲಿ ಅಲುಗಾಡದೆ ಬಿದ್ದಿದ್ದ ದಿನಗಳಲ್ಲಿ ಅವಳಿಗೆ ನೋಡಲು ಇದ್ದ ಸಿನಿಮಾ ಅಂದರೆ ಸಲೈನ್ ಕೊಳವೆಯ ಗುಳ್ಳೆಗಳೇ. ನರ್ಸ್ ಬಂದು ಕೊಳವೆಗೆ ಬೆರಳಿಂದ ಟಕ್ ಟಕ್ ಹೊಡೆದರೆ ಗುಳ್ಳೆ ಗೋಡೆ ಬಿಟ್ಟು ಮೇಲಕ್ಕೆ ಓಡುತ್ತಿತ್ತು. ಒಂದು ಗುಳ್ಳೆಯಾದರೂ ತಾನಾಗಿ ಕೆಳಗಿಳಿದದ್ದನ್ನು ಅವಳು ಕಂಡಿರಲಿಲ್ಲ.

ಗಾಳಿ ಮೇಲಕ್ಕೆ ಹೋಗುತ್ತದೆ. ಹಾಗಾದರೆ ಗಾಳಿ ಬಿಡುವ ಬಾಗಿಲು ಮೇಲಿರಬೇಕು. ಈ ನಿಪ್ಪಲ್ ಎಲ್ಲಿದೆ?

“ಅಪ್ಪಾ!”

ವಿಜಯಕುಮಾರರು ನಲ್ಲಿಯ ಬಳಿಯಿಂದ ತಿರುಗಲಿಲ್ಲ.

“ಅಪ್ಪಾ, ಬರ್ರಿ ಇಲ್ಲಿ! ನಿಪ್ಪಲ್ ಕೆಳಗೈತಿ!”

“ಅದು ಇರೋದ ಅಲ್ಲಿ.”

“ಗಾಳಿ ಅಟ್ಟದ ಮ್ಯಾಲ ಕುಂತೈತಿ, ನೀವು ನೆಲಮನಿ ಬಾಗಿಲಾ ತಗದು ಬಾ ಬಾ ಅಂತ ಕರ್ಯಾಕತ್ತೀರಿ. ಅದ್ಯಾಕ ಬರ್ತೈತಿ?”

ಅವರು ಒದ್ದೆ ಕೈಯಲ್ಲೇ ಬಂದು ಮಂಡಿಯೂರಿದರು. ಇಷ್ಟು ಹೊತ್ತೂ ಮಲಗಿಕೊಂಡು ಕೆಳಗಿನಿಂದ ನೋಡುತ್ತಿದ್ದವರಿಗೆ ನಿಪ್ಪಲ್ ಕೈಗೆ ಸಿಗುವಂತೆ ಎದುರಿಗೇ ಇತ್ತು. ಅದು ಅಲ್ಲಿರಬೇಕೋ ಬೇಡವೋ ಎಂದು ಕೇಳಿಕೊಂಡಿರಲಿಲ್ಲ. ಈಗ ಮಗಳ ಕಣ್ಣಿನ ಮಟ್ಟದಿಂದ ನೋಡಿದರು. ಎದ್ದು ಹೋಗಿ, ಖಾಲಿ ಡಬ್ಬದಲ್ಲಿ ಹಾಕಿಟ್ಟಿದ್ದ ಹಳೆಯ ಕ್ಯಾಲಿಪರ್‌ಗಳನ್ನು ತಂದರು. ಬಿಚ್ಚುವಾಗ ಅವೆರಡಕ್ಕೂ ಅವರೇ ಬಣ್ಣದಿಂದ ಗುರುತು ಮಾಡಿದ್ದರು. ಬಲಗಡೆಯದನ್ನು ಎತ್ತಿ ಹೊಸದರ ಪಕ್ಕ ಹಿಡಿದರು.

ಹಳೆಯದರ ನಿಪ್ಪಲ್ ಆಕಾಶ ನೋಡುತ್ತಿತ್ತು. ಹೊಸದರದು ನೆಲ.

ಎಡಗಡೆಯದನ್ನು ಹಿಡಿದರು. ಇದು ಹೊಸದಕ್ಕೆ ಅವಳಿಜವಳಿಯಂತೆ ಕೂತಿತು.

“ಅದಲು ಬದಲಾಗ್ಯಾವು” ಎಂದರು. “ಬಲದ್ದು ಎಡಕ್ಕ. ಎಡದ್ದು ಬಲಕ್ಕ. ಸಾಧ್ಯನ ಇಲ್ಲ. ಅಂಗಡಿಯಂವ ಸೀಮೆಸುಣ್ಣದಾಗ ಬರದು ಕೊಟ್ಟಿದ್ದ.”

“ಆ ಸುಣ್ಣ ನಾ ತೊಳದೆ” ಎಂದರು ಬಸಲಿಂಗಮ್ಮ. “ಮೈಲಿಗಿ ಕಬ್ಬಿಣ ಮಣಿ ಮ್ಯಾಲ ಇಡ್ತಾರೇನು?”

“ತೊಳದಿದ್ದು ಗೊತ್ತೈತಿ ಅವ್ವ. ಅದಕ್ಕಂತ ನಾ ಮಣಿ ಮ್ಯಾಲ ಬಲದ್ದು ಬಲಕ್ಕ, ಎಡದ್ದು ಎಡಕ್ಕ ಇಟ್ಟಿದ್ದೆ. ಪೂಜಿಗಿಟ್ಟಿದ್ದನ್ನ ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ. ಮರುದಿನ ಹೆಂಗಿಟ್ಟಿದ್ದೆ ಹಂಗ ತಗದೀನಿ.”

“ಮುಟ್ಟಿಲ್ಲಪ್ಪಾ. ಯಾರ ಮುಟ್ಯಾರ?” ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡರು. “ಮಣಿ ತಿರುಗಿಸೀನಿ ಅಷ್ಟ.”

ಸೆಲ್ಲಾರಿನಲ್ಲಿ ಯಾರದೋ ಬೈಕಿನ ಅಲಾರಾಂ ಕೂಗಿ ನಿಂತಿತು.

“ಏನ ತಿರುಗಿಸೀದಿ?”

“ಮಣಿ. ಈಳಿಗಿ ಬಾಯಿ, ಚಾಕು ಬಾಯಿ ಎಲ್ಲಾ ದಕ್ಷಿಣಕ್ಕ ಮಾಡಿ ಇಟ್ಟು ಹೋಗಿದ್ದಿ. ಖಂಡೆ ದಕ್ಷಿಣಕ್ಕ ಬಾಯಿ ತಗದು ರಾತ್ರಿಯಿಡೀ ಮಲಗಿದ್ರ ಯಮಗ ಕರ್ಯಾ ಕಳಿಸಿದಂಗ. ವರ್ಷದ ಹಬ್ಬ. ಮನ್ಯಾಗ ಈ ಕೂಸು ಗಾಡಿ ಹೊಡ್ಯಾಕ ಹೊಂಟೈತಿ. ಒಂದೂ ಸಾಮಾನು ಮುಟ್ಟಲಿಲ್ಲ ನಾ. ಮಣಿ ಅಂಚು ಹಿಡಿದು ಗರ್ರನ ತಿರುಗಿಸಿದೆ.”

ಕಮಲಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. ವಿಜಯಕುಮಾರರು ತಾಯಿಯನ್ನು ನೋಡಿದರು, ಕ್ಯಾಲಿಪರನ್ನು ನೋಡಿದರು. ಮೈಕ್ರಾನ್ ಲೆಕ್ಕದಲ್ಲಿ ತಪ್ಪು ಹಿಡಿಯುವ ಮನುಷ್ಯ ಅರ್ಧ ಸುತ್ತು ತಿರುಗಿದ್ದನ್ನು ಹಿಡಿದಿರಲಿಲ್ಲ. ಬೈಯಲು ಬಾಯಿ ತೆರೆದರು. ಆದರೆ ಬೈಯುವುದಕ್ಕೂ ಸಮಯ ಬೇಕಲ್ಲ.

“ಅಪ್ಪಾ” ಎಂದಳು ತಾರಾ. ಈ ಸಲ ಅವಳ ದನಿ ಯಾರದೂ ಆಗಿರಲಿಲ್ಲ, ಅವಳದೇ ಆಗಿತ್ತು. “ಬದಲಿ ಮಾಡಾಕ ಆಗತೈತೇನು?”

ಅವರು ಡಬ್ಬಿಯ ತಳದ ನಾಲ್ಕು ಬೆರಳು ಎಣ್ಣೆಯನ್ನು ನೋಡಿದರು. ಕ್ಯಾಲಿಪರ್ ಬಿಚ್ಚಿದರೆ ಪೈಪುಗಳಿಂದ ಎಣ್ಣೆ ಸೋರುತ್ತದೆ. ಬಾನೆಟ್ಟಿನಡಿಯ ಎಣ್ಣೆಯ ತೊಟ್ಟಿ ಬರಿದಾದರೆ ಇಡೀ ಗಾಡಿಗೆ ಗಾಳಿ ಹೊಕ್ಕು ಮೊದಲಿಂದ ಶುರು ಮಾಡಬೇಕು. ಅದಕ್ಕೆ ಎಣ್ಣೆ ಇಲ್ಲ, ಅಂಗಡಿ ಇಲ್ಲ, ಹೊತ್ತೂ ಇಲ್ಲ.

“ಕಮಲಾ, ಕೆಳಗಿಳಿ” ಎಂದರು. “ಆ ಪೈಪು ನೀ ಹಿಡಿ. ಈ ಪೈಪು ತಾರಾ ಹಿಡೀಲಿ. ಬಾಯಿಗೆ ಹೆಬ್ಬೆರಳು ಒತ್ತಿ ಹಿಡೀಬೇಕು. ಏನ ಆಗಲಿ, ಬಿಡಬಾರದು.”

ಆಮೇಲೆ ಎಲ್ಲರೂ ಕೆಲಸಕ್ಕೆ ಬಿದ್ದರು. ಸ್ಪ್ಯಾನರಿನ ಕಿರುಗುಟ್ಟುವಿಕೆ, ವಿಜಯಕುಮಾರರ ಏದುಸಿರು. ತಾರಾ ಕುರ್ಚಿಯನ್ನು ಕಾರಿಗೆ ಒತ್ತಿ ನಿಲ್ಲಿಸಿ, ಸೊಂಟದಿಂದ ಬಾಗಿ, ಪಾಲಿಥೀನ್ ಸುತ್ತಿದ ಹೆಬ್ಬೆರಳಿಂದ ಪೈಪಿನ ಬಾಯಿ ಮುಚ್ಚಿದ್ದಳು. ಇಸ್ತ್ರಿ ಮಾಡಿದ ಚೂಡಿದಾರದ ತೋಳಿನೊಳಗೆ ಎಣ್ಣೆ ಹನಿಹನಿಯಾಗಿ ಇಳಿಯುತ್ತಿತ್ತು. ಆ ಕಡೆಯಿಂದ ಕಮಲಾಕ್ಷಿ “ಜಾರಾಕತ್ತೈತ್ರಿ” ಎಂದರು. “ಜಾರಿದ್ರ ಮುಗೀತು” ಎಂದರು ವಿಜಯಕುಮಾರರು. ಬಲಗಡೆಯ ಬೋಲ್ಟೊಂದು ದಾರ ಹಿಡಿಯದೆ ತಿರುತಿರುಗಿ ಹೊರಬಂತು. ಅವರು ಅದನ್ನು ತುಟಿಯಲ್ಲಿ ಕಚ್ಚಿಕೊಂಡು, ಬೆರಳಿಂದ ತೂತಿನ ಕಸ ತೆಗೆದು, ಮತ್ತೆ ಇಟ್ಟರು. ಎರಡನೆಯ ಸಲವೂ ಬಂತು. ಮೂರನೆಯ ಸಲ ಕಣ್ಣು ಮುಚ್ಚಿ ತಿರುಗಿಸಿದರು. ಹಿಡಿಯಿತು.

ಈಗ ನಿಪ್ಪಲ್ಲುಗಳು ಎರಡೂ ಕಡೆ ಮೇಲಕ್ಕೆ ಮುಖ ಮಾಡಿದ್ದವು. ಅವುಗಳಿಂದ ಮತ್ತೆ ಗಾಳಿ ಬಿಡಬೇಕು.

“ಪೆಡಲ್ ನಾ ಒತ್ತಲೇನ್ರಿ?” ಎಂದರು ಕಮಲಾಕ್ಷಿ.

“ಬ್ಯಾಡ. ತಾರಾ ಹತ್ತಲಿ. ಅವಳ ಲಿವರಿನಿಂದನ ಒತ್ತಲಿ.”

ತಾರಾ ಕುರ್ಚಿಗೂ ಸೀಟಿಗೂ ನಡುವೆ ಇಟ್ಟ ಮರದ ಹಲಗೆಯ ಮೇಲೆ ಜಾರಿ ಸೀಟಿಗೆ ಹೋದಳು. ತೊಟ್ಟಿಗೆ ಎಣ್ಣೆ ಹಾಕುವ ಕೆಲಸ ಬಸಲಿಂಗಮ್ಮನಿಗೆ ಬಂತು. “ಸುರೀಬ್ಯಾಡ ಅವ್ವ, ಒಂದ ಹನಿ ನೆಲಕ್ಕ ಬೀಳಬಾರದು” ಎಂದು ವಿಜಯಕುಮಾರರು ಎರಡು ಸಲ ಹೇಳಿದರು. ಹೇಳಬೇಕಾಗಿರಲಿಲ್ಲ. ಜೀವಮಾನವಿಡೀ ಲಿಂಗಕ್ಕೆ ಅಭಿಷೇಕ ಮಾಡಿದ ಕೈ. ಚಮಚದಿಂದ ಎಳೆ ಕಡಿಯದಂತೆ ಎರೆದರು.

“ಒತ್ತು. ಹಿಡಿ.”

ಬಲಗಡೆಯ ನಿಪ್ಪಲ್ ಬಿಚ್ಚಿದ ಕೂಡಲೇ ಕೊಳವೆ ಬಿಳುಪಾಯಿತು. ಎಣ್ಣೆಯಲ್ಲ, ಬರೀ ನೊರೆ. ಎಷ್ಟೋ ಹೊತ್ತಿನಿಂದ ಅಟ್ಟದಲ್ಲಿ ಕೂತಿದ್ದ ಗಾಳಿ ಪುಸ್ಸೆಂದು ಹೊರಬಿತ್ತು. ಬಸಲಿಂಗಮ್ಮ “ನೋಡು, ಬಿಡ್ತು!” ಎಂದರು.

“ಮತ್ತ ಒತ್ತು.”

ಡಬ್ಬಿಯಲ್ಲಿ ಮೂರು ಬೆರಳು. ಎರಡು. ಎಡಗಡೆಗೆ ಹೋದರು. ಅಲ್ಲೂ ನೊರೆ, ಆಮೇಲೆ ದೊಡ್ಡ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ. ಬಸಲಿಂಗಮ್ಮ ಡಬ್ಬಿಯನ್ನು ಬೋರಲು ಹಾಕಿ ಕಾದರು. ಕೊನೆಯ ಹನಿ ಅಂಚಿನಲ್ಲಿ ನೇತಾಡಿ, ಯೋಚನೆ ಮಾಡಿ, ಬಿತ್ತು.

“ಮುಗೀತಪ್ಪಾ ಎಣ್ಣಿ.”

ವಿಜಯಕುಮಾರರು ನಿಪ್ಪಲ್ ಬಿಗಿದು, ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೂತರು. ಕೇಳಲು ಧೈರ್ಯವಾಗದೆ ನೆಲವನ್ನೇ ನೋಡುತ್ತಿದ್ದರು.

ತಾರಾ ಲಿವರನ್ನು ತಳ್ಳಿದಳು. ಸ್ವಲ್ಪ ಹೋಯಿತು. ಒಂದು ಅಂಗೈ ಅಗಲದಷ್ಟು. ಅಲ್ಲಿ ನಿಂತಿತು. ಇನ್ನಷ್ಟು ತಳ್ಳಿದಳು. ಭುಜ ಕೊಟ್ಟು ತಳ್ಳಿದಳು. ಗೋಡೆಗೆ ಕೈ ಕೊಟ್ಟಂತಿತ್ತು.

“ಅಪ್ಪಾ” ಎಂದಳು. “ಕಲ್ಲು.”

ಚಕ್ರ ಕೂಡಿಸಿ, ಜಾಕ್ ಇಳಿಸಿ, ಕಾರು ಹೊರಡುವ ಮೊದಲು ಬಸಲಿಂಗಮ್ಮ ಅಡ್ಡ ಬಂದರು. ಅವರ ಕೈಯಲ್ಲಿ ಮತ್ತೊಂದು ನಿಂಬೆಹಣ್ಣು.

“ಅವ್ವ, ಹೊತ್ತಾಗೇತಿ!”

“ನಿನ್ನೆದು ಅಪಶಕುನ ಆತು. ಇದು ಒಡೀದ ಹೋಗಬ್ಯಾಡ್ರಿ.”

ಬ್ರೇಕ್ ನೋಡಲೆಂದು ತಾರಾ ಕಾರನ್ನು ಸೆಲ್ಲಾರಿನಿಂದ ಮೇಲೆ ಹೋಗುವ ಇಳಿಜಾರು ಹತ್ತಿಸಿದ ಮೇಲೆ, ಅದರ ಬುಡದಲ್ಲಿ ಹಣ್ಣನ್ನು ಇಟ್ಟರು. ತಾರಾ ಮೇಲಿನಿಂದ ಗಾಡಿಯನ್ನು ಹಿಂದಕ್ಕೆ ಬಿಟ್ಟಳು. ಕಾರು ವೇಗ ಹಿಡಿಯುತ್ತಾ ಇಳಿಯಿತು. ವಿಜಯಕುಮಾರರು ಬಾಜೂ ಸೀಟಿನಲ್ಲಿ ಉಸಿರು ಹಿಡಿದರು. ತಾರಾ ಲಿವರ್ ತಳ್ಳಿದಳು.

ಕಾರು ಗಕ್ಕನೆ ನಿಂತಿತು. ಬಸಲಿಂಗಮ್ಮ ಬಾಗಿ ಚಕ್ರದಡಿ ನೋಡಿದರು. ಟೈರು ನಿಂಬೆಹಣ್ಣಿಗೆ ಕೆನ್ನೆ ತಾಗಿಸಿ ನಿಂತಿತ್ತು. ಹಣ್ಣಿಗೆ ಒಂದು ಗೀರೂ ಇರಲಿಲ್ಲ.

“ಅಯ್ಯ, ಒಡೀಲಿಲ್ಲಲ್ಲ!”

“ಒಡೀಬಾರದು ಆಯಿ! ಅದ ಬೇಕಾಗಿತ್ತು!”

“ಒಡೀಬೇಕು! ಒಡದ ಮ್ಯಾಲ ಹೋಗ್ರಿ!”

ವಿಜಯಕುಮಾರರು ಬಾಗಿಲು ತೆರೆದು, ಬಾಗಿ, ಹಣ್ಣನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. “ಅಲ್ಲಿ ಒಡೀತೀನಿ ಅವ್ವ. ನಡಿ, ತಾರಾ.”

ಆರ್‌ಟಿಓ ಮೈದಾನ ತಲುಪಿದಾಗ ಇನ್‌ಸ್ಪೆಕ್ಟರು ಹಾಳೆಗಳನ್ನು ಜೋಡಿಸಿಕೊಂಡು ಏಳುತ್ತಿದ್ದರು. ಹಬ್ಬದ ಮರುದಿನ, ಮೈದಾನದಲ್ಲಿ ನಾಲ್ಕೇ ಜನ. ಅವರ ಮೇಜಿನ ಮೇಲೆ ಯಾರೋ ಕೊಟ್ಟು ಹೋದ ಬನ್ನಿ ಎಲೆಗಳು ಬಾಡುತ್ತಿದ್ದವು. ಅವರು ಕಾರಿನ ಕಿಟಕಿಯಲ್ಲಿ ಬಾಗಿ ತಾರಾಳ ಕಾಲನ್ನೂ, ಎಣ್ಣೆ ಕುಡಿದ ತೋಳನ್ನೂ ನೋಡಿದರು.

“ಕಾಳ್ಳು ಲೇಕುಂಡಾ ಬ್ರೇಕ್ ಎಲಾ ವೇಸ್ತಾವಮ್ಮಾ?” ಕಾಲಿಲ್ಲದೆ ಬ್ರೇಕ್ ಹೇಗೆ ಹಾಕುತ್ತೀ ಎಂದು ಅವರ ಪ್ರಶ್ನೆ. ಕೆಣಕುವ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

“ಹತ್ತಿ ಕುಂದರ್ರಿ ಸರ್, ತೋರಸ್ತೀನಿ” ಎಂದು ಮೊದಲು ಕನ್ನಡದಲ್ಲೇ ಹೇಳಿ, ನಾಲಿಗೆ ಕಚ್ಚಿಕೊಂಡು, ಆಮೇಲೆ ತೆಲುಗಿನಲ್ಲಿ ಹೇಳಿದಳು.

ವಿಜಯಕುಮಾರರು ಇಳಿಯಬೇಕಾಯಿತು. ಬಾಜೂ ಸೀಟಿಗೆ ಇನ್‌ಸ್ಪೆಕ್ಟರು ಹತ್ತಿದರು. ಕಾರು ಅವರನ್ನು ಬಿಟ್ಟು ಹೋಯಿತು. ತಿರುವು ತಿರುಗಿತು, ಎಂಟು ಬರೆಯಿತು, ಕೊನೆಗೆ ಮೈದಾನದ ಆಚೆ ತುದಿಯ ಸಿಮೆಂಟಿನ ದಿಬ್ಬ ಹತ್ತಿ ಆಚೆ ಇಳಿಯತೊಡಗಿತು. ದಿಬ್ಬದ ಬುಡದಲ್ಲಿ ಬಿಳಿ ಗೆರೆ. ಗೆರೆಯಾಚೆ ತಂತಿಬೇಲಿ, ಬೇಲಿಗೆ ಒರಗಿ ಹರಟುತ್ತಿದ್ದ ಇಬ್ಬರು. ಇಷ್ಟು ದೂರದಿಂದ ಲಿವರ್ ಕಾಣುವುದಿಲ್ಲ, ಮಗಳ ಕೈ ಕಾಣುವುದಿಲ್ಲ. ಎಣ್ಣೆ ಸಾಕಾಗಿತ್ತೇ? ಎಡಗಡೆಯ ಆ ಸಣ್ಣ ಗುಳ್ಳೆ ಕೊನೆಯದಾಗಿತ್ತೇ? ಆ ಮೊಂಡು ಬೋಲ್ಟು?

ಇನ್‌ಸ್ಪೆಕ್ಟರ ಕೈ ಕಿಟಕಿಯಿಂದ ಹೊರಗೆ ಬಂದು ಬೀಸಿತು. “ಆಪು!” ಎಂಬ ಕೂಗು ಮೈದಾನದ ಈ ತುದಿಗೂ ಕೇಳಿಸಿತು. ನಿಲ್ಲಿಸು.

ವಿಜಯಕುಮಾರರ ಬಲಗಾಲು ಮಣ್ಣಿಗೆ ಒತ್ತಿ ಹೋಯಿತು. ಹಿಮ್ಮಡಿ ಎದ್ದು, ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡಿತು.

ಕಾರು ನಿಂತಿತು. ಇನ್‌ಸ್ಪೆಕ್ಟರ ತಲೆ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿಗೆ ನಮಸ್ಕಾರ ಮಾಡಿ ಹಿಂದಕ್ಕೆ ಬಂತು. ಬೇಲಿಯ ಬಳಿಯ ಇಬ್ಬರೂ ಹರಟೆ ನಿಲ್ಲಿಸಲೇ ಇಲ್ಲ. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಇನ್‌ಸ್ಪೆಕ್ಟರು ಹಣೆ ಉಜ್ಜಿಕೊಳ್ಳುತ್ತ ಇಳಿದರು. “ಬ್ರೇಕ್ ಬಾಗುಂದಿ” ಎಂದರು, ಬ್ರೇಕ್ ಚೆನ್ನಾಗಿದೆ. ಕಾಗದದ ಮೇಲೆ ಏನೋ ಗೀಚಿ, ಒಳಗಿನ ಕೋಣೆಯತ್ತ ಕೈ ತೋರಿಸಿದರು. “ಪೋಯಿ ಫೋಟೋ ದಿಗಮ್ಮಾ.” ಫೋಟೋ ತೆಗೆಸಿಕೋ ಹೋಗು. ಪಾಸಾಗದವರಿಗೆ ಇಲ್ಲಿ ಫೋಟೋ ತೆಗೆಯುವುದಿಲ್ಲ.

ವಿಜಯಕುಮಾರರು ಮೈದಾನ ದಾಟಿ ಓಡಿ ಬಂದರು. ಕಿಟಕಿಯ ಬಳಿ ನಿಂತರು. ತಾರಾಳ ಕಣ್ಣು ಅವರ ಬಲಗೈ ಮೇಲೆ ನೆಟ್ಟಿತ್ತು. ಅದು ಮುಷ್ಟಿ ಕಟ್ಟಿತ್ತು. ಬೆರಳ ಸಂದಿಯಿಂದ ಏನೋ ತೊಟ್ಟಿಕ್ಕುತ್ತಿತ್ತು.

“ಅಪ್ಪಾ, ಕೈ ಬಿಡ್ರಿ.”

ಅವರು ಕೈ ಬಿಚ್ಚಿದರು. ಯಾವಾಗ ಜೇಬಿನಿಂದ ತೆಗೆದರೋ, ನಿಂಬೆಹಣ್ಣು ಅಂಗೈಯಲ್ಲಿ ಸಿಪ್ಪೆ ಬೀಜವೆಲ್ಲ ಒಂದಾಗಿ ಅಪ್ಪಚ್ಚಿಯಾಗಿತ್ತು. ರಸ ಗಿಣ್ಣಿನ ತರಚುಗಳಿಗೆ ಇಳಿದು ಈಗ, ಈಗಷ್ಟೇ, ಉರಿಯತೊಡಗಿತು.

“ಸ್ಸ್” ಎಂದು ಅವರು ಕೈ ಝಾಡಿಸಿದರು.

“ಸ್ಸ್” ಎಂದಳು ತಾರಾ, ಅವರದೇ ದನಿಯಲ್ಲಿ. ಆಮೇಲೆ ಫೋನ್ ಎತ್ತಿಕೊಂಡು ಮನೆಗೆ ಹಚ್ಚಿದಳು. “ಆಯಿ? ಹೂಂ, ಒಡೀತು.”